ತಾಲೀಮಿನ ತಾಯಿ

ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಾರದು ಎಂದು ದಿನವೂ ಅಂದುಕೊಂಡು ದಿನವೂ ನೋಡಿಕೊಳ್ಳುವುದು ಅವಳ ಅಭ್ಯಾಸ. ಇವತ್ತೂ ನೋಡಿದಳು. ಹಣೆಯ ಗೆರೆಗಳು, ಬಾಯಿಯ ಎರಡೂ ಪಕ್ಕದ ಇಳಿಜಾರು, ಕಣ್ಣಿನ ಕೆಳಗೆ ಜೋತುಬಿದ್ದ ಚೀಲಗಳು. ಬೇರೆ ಹೆಂಗಸರು ಪುಡಿ ಬಳಿದು ಮುಚ್ಚಲು ಹೆಣಗುವ ಇವೆಲ್ಲ ಅವಳಿಗೆ ಅನ್ನ ಹಾಕುವ ಸಾಮಾನು. ಆಫೀಸಿನಲ್ಲಿ ಅವಳ ಬೆನ್ನ ಹಿಂದೆ ಕಣ್ಣೀರಮ್ಮ ಎನ್ನುತ್ತಾರೆ. ಒಮ್ಮೊಮ್ಮೆ ಮುಖದ ಮೇಲೂ ಅನ್ನುತ್ತಾರೆ, ಅವಳೂ ನಗುತ್ತಾಳೆ. ಇವತ್ತು ನಗು ಬರುವ ಹಾಗಿರಲಿಲ್ಲ. ಕೆಳಗೆ ಫುಟ್‌ಪಾತಿನ ಮೇಲೆ ನಿಂತು, ಬಸ್ಸುಗಳ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ತಂಗಿಯ ಜೊತೆ ಫೋನಿನಲ್ಲಿ ಆಡಿದ ಮಾತು ಇನ್ನೂ ತಲೆಯೊಳಗೆ ಓಡುತ್ತಿತ್ತು. "ಅಕ್ಕ, ನಾಳೆ ಕಾರ್ಖಾನೆಯವ್ರ ಸಭೇಲಿ ನಂಗೂ ಮಾತಾಡಕ್ಕೆ ಬಿಡ್ತಾರಂತೆ. ಒಬ್ಬೊಬ್ರಿಗೆ ಒಂದೊಂದೇ ಪ್ರಶ್ನೆ ಅಂತೆ. ನಂಗೆ ಬಾಯಿ ತೆಗೆದ್ರೆ ಮುಚ್ಚಕ್ಕೆ ಬರಲ್ಲ, ನಿನಗೆ ಗೊತ್ತಲ್ಲ. ನೀನು ಓದ್ದೋಳು, ಪೇಪರಿಗೆ ಬರೆಯೋಳು. ಸ್ವಲ್ಪ ಜೋಡಿಸಿ ಕೊಡೇ."

ಪೇಪರಿಗೆ ಬರೆಯುವವಳು. ತಂಗಿಗೆ ಅವಳ ಕೆಲಸದ ಬಗ್ಗೆ ಗೊತ್ತಿದ್ದುದು ಅಷ್ಟೇ, ಅವಳು ಹೇಳಿದ್ದೂ ಅಷ್ಟೇ. ಕಳೆದ ತಿಂಗಳು ಬಣ್ಣದ ಕಾರ್ಖಾನೆಯಲ್ಲಿ ಹಾಡಹಗಲು ಅನಿಲ ಸೋರಿ, ಕೆಲವರು ಅಲ್ಲೇ ಸತ್ತು, ಉಳಿದ ಹಲವರ ಶ್ವಾಸಕೋಶ ಸುಟ್ಟುಹೋಗಿತ್ತು. ಹಾಗೆ ಉಳಿದವರಲ್ಲಿ ತಂಗಿಯ ಗಂಡನೂ ಒಬ್ಬ. ಡಬ್ಬಿಗಳಿಗೆ ಮುಚ್ಚಳ ಹಾಕುವ ವಿಭಾಗದಲ್ಲಿದ್ದವನು. ಹಿಂದೆ ಮನೆಯೆಲ್ಲ ಅದುರುವ ಹಾಗೆ ನಗುತ್ತಿದ್ದವನು ಈಗ ಎರಡು ಮಾತಿಗೊಮ್ಮೆ ನಿಂತು, ಮೆಟ್ಟಿಲು ಹತ್ತಿದವನ ಹಾಗೆ ಉಸಿರೆಳೆದುಕೊಂಡು, ಮೂರನೆಯ ಮಾತು ಆಡುತ್ತಾನೆ. ಅವತ್ತು ಸೈರನ್ ಕೂಗಲಿಲ್ಲ ಎಂದು ಮೊದಲು ಹೇಳಿದ್ದು ಅವನೇ. ದೂರದಿಂದ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬಂದಿದ್ದರಂತೆ. ಅವರು ಬೆಚ್ಚಿಬೀಳಬಾರದೆಂದು ಬೆಳಿಗ್ಗೆಯೇ ಸೈರನ್ ಆರಿಸಿಟ್ಟಿದ್ದರಂತೆ. ತಂಗಿಗೆ ಕೇಳಬೇಕಾದ್ದು ಬೇಕಾದಷ್ಟಿತ್ತು: ಆಸ್ಪತ್ರೆ, ಔಷಧ, ಮುಂದಿನ ಕೆಲಸ, ಮೇಸ್ತ್ರಿ ಆಡಿದ ಮಾತು. ಅವಳು ಅದನ್ನೆಲ್ಲ ಕತ್ತರಿಸಿ ಹಾಕಿದ್ದಳು. "ಒಂದೇ ಕೇಳು. 'ಸೈರನ್ ಆರಿಸಿ ಅಂತ ಹೇಳಿದ್ದು ಯಾರು?' ಅಷ್ಟೇ. ಅದಕ್ಕೆ ಹಿಂದೆ ಮುಂದೆ ಏನೂ ಅಂಟಿಸಬೇಡ. ಅಳಬೇಡ. ಬಯ್ಯಬೇಡ." ತಂಗಿ ಆ ಕಡೆಯಿಂದ, "ಅಯ್ಯೋ, ಇಷ್ಟೇನಾ? ಇದು ನಂಗೂ ಬರ್ತಿತ್ತಲ್ಲೇ" ಎಂದು ನಕ್ಕಿದ್ದಳು. ಆಮೇಲೆ, "ಚೆನ್ನಾಗಿದೆ ಕಣೇ. ಕಲ್ಲಿಟ್ಟ ಹಾಗಿದೆ" ಎಂದಿದ್ದಳು. ಯಾರೂ ಎತ್ತಿ ಪಕ್ಕಕ್ಕಿಡಲಾರದ ಪ್ರಶ್ನೆ. ಇಷ್ಟು ವರ್ಷಗಳ ಕೆಲಸದಲ್ಲಿ ಕಲಿತ ವಿದ್ಯೆ ಒಮ್ಮೆಯಾದರೂ ಮನೆಯವರಿಗೆ ದಕ್ಕಿತಲ್ಲ ಎಂಬ ಸಣ್ಣ ಹೆಮ್ಮೆಯಲ್ಲಿ ಅವಳು ಲಿಫ್ಟು ಹತ್ತಿದ್ದಳು. ಆ ಹೆಮ್ಮೆಯ ಕೆಳಗೆ ಏನೋ ಚುಚ್ಚುತ್ತಿತ್ತು, ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ.

ಲಿಫ್ಟಿನಿಂದ ಇಳಿದರೆ ಉದ್ದನೆಯ ಓಣಿ, ಓಣಿಯುದ್ದಕ್ಕೂ ಸಂಸ್ಥೆಯ ಚರಿತ್ರೆ. ಹೊಸದಾಗಿ ಸೇರಿದವರನ್ನು ಈ ಓಣಿಯಲ್ಲಿ ನಡೆಸಿಕೊಂಡು ಹೋಗಿ ಕತೆ ಹೇಳುವ ಕೆಲಸವೂ ಅವಳದೇ ಆದ್ದರಿಂದ ಅವಳಿಗೆ ಅದು ಬಾಯಿಪಾಠ. ಸಮುದ್ರದಾಚೆಯ ಒಂದು ರೇವುಪಟ್ಟಣದಲ್ಲಿ ಪತ್ರಿಕೆಗೆ ಅಪಘಾತಗಳ ಸುದ್ದಿ ಬರೆಯುತ್ತಿದ್ದ ಒಬ್ಬನಿಗೆ, ಅಪಘಾತವನ್ನು ಬರೆಯುವವನಿಗಿಂತ ಅಪಘಾತ ಮಾಡಿದವನ ಜೇಬು ದಪ್ಪ ಎಂಬುದು ಹೊಳೆಯಿತು. ಅಲ್ಲಿಂದ ಶುರು. ಮೊದಲ ಪಟದಲ್ಲಿ ಆ ಸ್ಥಾಪಕ ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದಾನೆ, ಸಾಲ ಕೇಳಲು ಬಂದವನ ಹಾಗೆ. ಆಮೇಲಿನ ಪಟಗಳಲ್ಲಿ ಟೋಪಿ ಇಲ್ಲ, ಬೇರೆ ಬೇರೆ ದೇಶಗಳ ಕಟ್ಟಡಗಳಿವೆ. ಸ್ವಂತ ಜನರ ಮೇಲೆ ಗುಂಡು ಹಾರಿಸಿದ ಸೇನಾಧಿಕಾರಿಯೊಬ್ಬನನ್ನು ಜನರ ಕಣ್ಣಿಗೆ ಗುಲಾಬಿ ಬೆಳೆಯುವ ಅಜ್ಜನನ್ನಾಗಿ ಮಾಡಿದ್ದು. ಹೊಳೆಗೆ ವಿಷ ಬಿಟ್ಟ ಕಾಗದದ ಗಿರಣಿಯಿಂದ ಅದೇ ಊರಿನ ಮಕ್ಕಳಿಗೆ ಈಜುಕೊಳ ಕಟ್ಟಿಸಿದ್ದು. ಇವೆಲ್ಲ ಚೌಕಟ್ಟಿನೊಳಗೆ ಗಾಜಿನ ಹಿಂದೆ ಇವೆ, ದಿನವೂ ಒರೆಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಚೌಕಟ್ಟು ತಾಲೀಮಿನದು. ಗಣಿ ಕುಸಿದು ಕೂಲಿಯವರು ಸತ್ತಾಗ, ಅವರ ಹೆಂಡಂದಿರನ್ನು ಎದುರಿಸಲು ಗಣಿಯ ಒಡೆಯ ಹೆದರಿದ. ಸ್ಥಾಪಕ ತನ್ನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳನ್ನು ಕರೆತಂದು, ನೀನೇ ಗಂಡ ಸತ್ತವಳು ಅಂದುಕೋ, ಇವನಿಗೆ ಬಯ್ಯಿ ಎಂದ. ಅವಳು ಎಷ್ಟು ಚೆನ್ನಾಗಿ ಬಯ್ದಳೆಂದರೆ ಒಡೆಯ ಅತ್ತೇಬಿಟ್ಟ. ಮರುದಿನ ನಿಜವಾದ ವಿಧವೆಯರ ಮುಂದೆ ಅವನಿಗೆ ಅಳು ಬರಲಿಲ್ಲ, ಆದರೆ ಹೇಗೆ ಅಳಬೇಕೆಂದು ಗೊತ್ತಾಗಿಬಿಟ್ಟಿತ್ತು. ಈ ಮಾತಿಗೆ ಹೊಸಬರು ಯಾವಾಗಲೂ ನಗುತ್ತಾರೆ. ಬಟ್ಟೆ ಒಗೆಯುವವಳಿಗೆ ಏನು ಕೊಟ್ಟರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಇವಳೂ ಹೇಳಿಲ್ಲ, ಇವಳಿಗೂ ಗೊತ್ತಿಲ್ಲ.

ಸಂಸ್ಥೆಯ ಎಲ್ಲ ಆಫೀಸುಗಳಲ್ಲೂ ಅಂದಿನಿಂದ ಒಂದು ತಾಲೀಮಿನ ಕೋಣೆ. ಕಿಟಕಿ ಇಲ್ಲ, ಒಂದು ಪುಟ್ಟ ವೇದಿಕೆ, ಎದುರಿಗೆ ಮಡಿಸುವ ಕುರ್ಚಿಗಳು, ಮೂಲೆಯಲ್ಲಿ ಕ್ಯಾಮೆರಾ. ಕಂಪನಿಯ ದೊಡ್ಡವರು ನಾಳೆ ಜನರ ಮುಂದೆ ನಿಲ್ಲುವವರಿದ್ದರೆ ಇವತ್ತು ಇಲ್ಲಿ ನಿಲ್ಲುತ್ತಾರೆ. ಆಫೀಸಿನವರು ಕುರ್ಚಿಗಳಲ್ಲಿ ಕೂತು ಪತ್ರಕರ್ತರಾಗುತ್ತಾರೆ, ಕಾರ್ಮಿಕರ ಮುಖಂಡರಾಗುತ್ತಾರೆ, ಕೊನೆಗೆ ತಾಯಿ ಏಳುತ್ತಾಳೆ. ಅದು ಪಾತ್ರದ ಹೆಸರು. ಕಳೆದುಕೊಂಡದ್ದು ಗಂಡನಾಗಲಿ ಮಗನಾಗಲಿ, ಎದ್ದು ನಿಲ್ಲುವವಳು ತಾಯಿ. ತಾಯಿ ಅಳುತ್ತಾಳೆ, ಶಪಿಸುತ್ತಾಳೆ, ಒಂದು ಪ್ರಶ್ನೆ ಕೇಳುತ್ತಾಳೆ. ದೊಡ್ಡವರು ಉತ್ತರ ಹೇಳುತ್ತಾರೆ. ಉತ್ತರ ಮುಗಿದ ಕೂಡಲೇ ತಾಯಿ ಕೂರಬೇಕು. ಇದು ಸ್ಥಾಪಕನ ಕಾಲದ ಕಟ್ಟಳೆ: ಹೇಳಿದ ಉತ್ತರ ನಾಟಿತು ಎಂಬ ಧೈರ್ಯ ತುಂಬಿಕೊಂಡೇ ಅವರು ಈ ಕೋಣೆಯಿಂದ ಹೊರಡಬೇಕು. ನಿಜವಾದ ಸಭೆಗಳಲ್ಲೂ ಜನ ಕೂತೇ ಕೂರುತ್ತಾರೆ. ಮೈಕು ಮುಂದಕ್ಕೆ ಹೋಗುತ್ತದೆ, ಪಕ್ಕದವರು ಸೆರಗು ಎಳೆಯುತ್ತಾರೆ, ದೊಡ್ಡವರ ಎದುರು ನಿಂತಿರಲು ಕಾಲಿಗೂ ಸಂಕೋಚ. ಅವಳು ಈ ಕೋಣೆಯಲ್ಲಿ ಮುಳುಗಿದ ದೋಣಿಗಳಿಗೆ ಅತ್ತಿದ್ದಾಳೆ, ಕುಸಿದ ಸೇತುವೆಗೆ ಅತ್ತಿದ್ದಾಳೆ, ಕೆಟ್ಟ ಔಷಧಿಗೆ ಅತ್ತಿದ್ದಾಳೆ. ಎಲ್ಲ ಸಲವೂ ಕೂತಿದ್ದಾಳೆ.

ಗುಟ್ಟು ಹೊರಬೀಳಬಾರದೆಂದು ಗಿರಾಕಿಗಳಿಗೆ ಬಣ್ಣಗಳ ಹೆಸರಿಡುತ್ತಾರೆ. ಇವತ್ತಿನದು 'ಬೂದಿ' ಎಂದಷ್ಟೇ ಅವಳಿಗೆ ಗೊತ್ತಿತ್ತು. ಬಾಗಿಲು ತಳ್ಳಿದರೆ ವೇದಿಕೆಯ ಮೇಲೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ತೆಗೆಯುತ್ತ ನಿಂತಿದ್ದವನು ಬಣ್ಣದ ಕಾರ್ಖಾನೆಯ ಅಧ್ಯಕ್ಷ. ಪತ್ರಿಕೆಯಲ್ಲಿ ಅವನ ಪಟ ನೋಡಿದ್ದಳು, ತಂಗಿಯ ಮನೆಯಲ್ಲಿ ಆ ಪತ್ರಿಕೆಯನ್ನು ನೆಲದ ಮೇಲೆ ಹಾಸಿ ಅದರ ಮೇಲೆ ಔಷಧದ ಬಾಟಲಿಗಳನ್ನಿಟ್ಟಿದ್ದು ನೆನಪಾಯಿತು. ಅಲ್ಲಿ ಕಂಡದ್ದಕ್ಕಿಂತ ಸಣ್ಣ ಮನುಷ್ಯ. ಪಕ್ಕದಲ್ಲಿ ಅವನ ವಕೀಲ, ಮೊಣಕಾಲ ಮೇಲೆ ಕೈ ಮಡಿಸಿಕೊಂಡು. ನನ್ನವರು ಆ ಕಾರ್ಖಾನೆಯಲ್ಲಿದ್ದಾರೆ ಎಂದು ಹೇಳಿದರೆ ಸಾಕಿತ್ತು, ತಾಲೀಮು ನಡೆಸುವ ನಿರ್ದೇಶಕ ಅವಳನ್ನು ಮನೆಗೆ ಕಳಿಸುತ್ತಿದ್ದ, ಅದಕ್ಕೂ ನಿಯಮವಿದೆ. ಆದರೆ ತಾನು ಹೋದರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಇವರು ಏನೇನು ಕಲಿತರು ಎಂಬುದು ತನಗೆ ತಿಳಿಯುವುದಿಲ್ಲ. ಇಲ್ಲೇ ಇದ್ದು ಕೆಟ್ಟದಾಗಿ ಆಡಿದರೆ? ಸಪ್ಪೆ ಪ್ರಶ್ನೆಗಳನ್ನು ಕೇಳಿ, ಸಪ್ಪೆ ಉತ್ತರಗಳಿಗೆ ಒಗ್ಗಿಸಿ ಇವನನ್ನು ನಾಳೆ ತಂಗಿಯ ಎದುರು ಬರಿಗೈಯಲ್ಲಿ ನಿಲ್ಲಿಸಿದರೆ? ತಾನು ಜಾಣೆ ಎಂದು ಅವಳಿಗೆ ಅನ್ನಿಸಿದ್ದು ಅದೇ ಕಡೆಯ ಸಲ. ಎಂದಿನ ಕುರ್ಚಿಯಲ್ಲಿ ಹೋಗಿ ಕೂತಳು. ತನಗೆ ಬೆನ್ನುನೋವಿದೆ ಎಂದು ಯಾರೋ ಆ ಕುರ್ಚಿಗೆ ಮೆತ್ತೆ ಹಾಕಿಟ್ಟಿದ್ದರು. ಯಾರೆಂದು ಈವರೆಗೆ ಬಾಯಿಬಿಟ್ಟಿಲ್ಲ. ಇಂಥ ಕೋಣೆಯಲ್ಲೂ ಯಾರಿಗೋ ಇನ್ನೊಬ್ಬರ ಬೆನ್ನಿನ ಚಿಂತೆ ಇರುತ್ತದಲ್ಲ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಇವತ್ತು ಆ ಮೆತ್ತೆಯೂ ಚುಚ್ಚಿತು.

ತಾಯಿಯ ಸರದಿ ಬಂದಾಗ ಎದ್ದು, "ನಮ್ಮವರಿಗೆ ಪರಿಹಾರ ಯಾವಾಗ ಸಿಗುತ್ತೆ ಸ್ವಾಮಿ?" ಎಂದಳು. ಅಧ್ಯಕ್ಷ ತಡವರಿಸದೆ ಹೇಳಿದ. "ಆಸ್ಪತ್ರೆ ಖರ್ಚು ನೀವು ನೋಡ್ಕೋತೀರಾ?" ಅದಕ್ಕೂ ಹೇಳಿದ. ನಿರ್ದೇಶಕ ಚಪ್ಪಾಳೆ ತಟ್ಟಿ ನಿಲ್ಲಿಸಿದ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನು, ಸೇರಿದ ಹೊಸತರಲ್ಲಿ ಇದೇ ಓಣಿಯಲ್ಲಿ ಅವಳಿಂದ ಕತೆ ಕೇಳಿ ನಕ್ಕವನು. "ಏನಾಗಿದೆ ನಿಮಗೆ ಇವತ್ತು? ಮುದ್ದು ಮಾಡ್ತಿದ್ದೀರಾ ಇವರನ್ನ? ನಾಳೆ ಅಲ್ಲಿ ಬರೋರು ಹರಿದು ತಿಂತಾರೆ. ನೀವು ನೋಡಿದ್ರೆ ಬ್ಯಾಂಕಿಗೆ ಬಂದ ಹಾಗೆ ಮಾತಾಡ್ತಿದ್ದೀರಿ." ಕುರ್ಚಿಗಳಲ್ಲಿ ನಗು. "ವಯಸ್ಸಾಯ್ತೋ ಏನೋ, ಕಣ್ಣೀರು ಖಾಲಿ" ಎಂದ ಯಾರೋ. ಅವಳ ಕಿವಿ ಬಿಸಿಯಾಯಿತು. ಕೆಟ್ಟದಾಗಿ ಆಡಬೇಕೆಂದೇ ಆಡಿದವಳಿಗೆ, ಕೆಟ್ಟದಾಗಿ ಆಡಿದಳು ಅಂದಾಗ ಯಾಕೆ ಹೀಗಾಗಬೇಕು? ನಿರ್ದೇಶಕ ಹಿಂದೆ ತಿರುಗಿ, "ಗಿಳಿ, ನೀನು ಬಾರೋ" ಎಂದ.

ಗಿಳಿ ಎಂದರೆ ಆಫೀಸಿನ ಮಿಮಿಕ್ರಿಯವನು. ಯಾರ ದನಿಯನ್ನಾದರೂ ಹಿಡಿದು ತರುತ್ತಾನೆ. ಕೆಟ್ಟವನಲ್ಲ, ಅವಳಿಗೆ ಜ್ವರ ಬಂದಾಗ ಮನೆಯ ತನಕ ಬಿಟ್ಟುಬಂದವನು. ಅವನು ಯಾರದೋ ಶಾಲನ್ನು ತಲೆಗೆ ಹೊದ್ದು, ಮೂಗಿನಲ್ಲಿ ರಾಗ ಎಳೆಯುತ್ತ ಎದ್ದ. "ಅಯ್ಯೋ ನನ್ ಗಂಡ... ಹೆಂಗಿದ್ದ ನನ್ ಗಂಡ... ಎತ್ತಿನಂಗಿದ್ದ..." ಎನ್ನುತ್ತ ಎದೆ ಬಡಿದುಕೊಂಡ. ಜನ ನಕ್ಕರು. ನಗು ಸಿಕ್ಕಿದ ಮೇಲೆ ಅವನು ಬಿಡುವವನೇ? ಗಂಡನ ಪಾತ್ರವನ್ನೂ ತಾನೇ ಮಾಡಿದ. ಬಗ್ಗಿ, ಎರಡು ಮಾತಾಡಿ, ಕೈ ಎತ್ತಿ ತಡೆದು, ಉಸಿರಿಗಾಗಿ ಬಾಯಿ ತೆರೆದು, ಮೀನಿನ ಹಾಗೆ, ಮತ್ತೆ ಎರಡು ಮಾತು, ಮತ್ತೆ ಕೆಮ್ಮು. ಅಚ್ಚುಕಟ್ಟಾಗಿತ್ತು. ಎಲ್ಲಿ ನೋಡಿ ಕಲಿತಿದ್ದ? ಟೀವಿಯಲ್ಲಿ ಇರಬೇಕು. ಕಳೆದ ಭಾನುವಾರ ತಂಗಿಯ ಗಂಡ ಅವಳನ್ನು ನಗಿಸಲು ಏನೋ ಹೇಳಹೊರಟು, ಹೀಗೇ ಕೈ ಎತ್ತಿ ತಡೆದು, ಉಸಿರು ಸಿಗುವ ಹೊತ್ತಿಗೆ ಹೇಳಬೇಕಾದ್ದು ಮರೆತು, "ಬಿಡಿ ಅಕ್ಕ, ಅಂಥಾ ಒಳ್ಳೇ ಜೋಕೇನಲ್ಲ" ಎಂದಿದ್ದ. ಅವಳಿಗೆ ತಾನು ಎದ್ದದ್ದು ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಮಗುಚಿ ಬಿದ್ದ ಸದ್ದು ಕೇಳಿಸಿತು. ವೇದಿಕೆಯ ಅಂಚಿಗೆ ಬಂದು ನಿಂತು, ತಾಯಿಯ ದನಿಯಲ್ಲಲ್ಲ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಜಗಳವಾಡುವಾಗಿನ ದನಿಯಲ್ಲಿ, ಅವಳು ಕೇಳಿದಳು:

"ಸೈರನ್ ಆರಿಸಿ ಅಂತ ಹೇಳಿದ್ದು ಯಾರು?"

ಗಿಳಿಯ ತಲೆಯಿಂದ ಶಾಲು ಜಾರಿತು. ಅಧ್ಯಕ್ಷನ ಮುಖದಲ್ಲಿದ್ದ ರಕ್ತವೆಲ್ಲ ಯಾರೋ ಬಚ್ಚಲ ಮುಚ್ಚಳ ತೆಗೆದ ಹಾಗೆ ಕೆಳಗಿಳಿದುಹೋಯಿತು. "ಇದು ಇವರಿಗೆ ಹೇಗೆ..." ಎಂದ. ಆಮೇಲೆ ಅವಳನ್ನೇ ನೋಡುತ್ತ, ಅಲ್ಲಿ ಬೇರೆ ಯಾರೂ ಇಲ್ಲವೆಂಬಂತೆ, "ನಾನೇ. ಅವತ್ತು ಅತಿಥಿಗಳು ಬರೋರಿದ್ರು, ಅದು ಸುಮ್ಮಸುಮ್ಮನೆ ಕೂಗ್ತಾ ಇತ್ತು ಆ ವಾರ, ನಾನೇ..." ವಕೀಲ ಎದ್ದು ಅವನ ತೋಳು ಹಿಡಿದ. "ಇಲ್ಲಿ ಬೇಡ ಸಾರ್. ಎಲ್ಲೂ ಬೇಡ." ನಿರ್ದೇಶಕನೊಬ್ಬನೇ ಸಂತೋಷದಲ್ಲಿದ್ದ. "ಇದೇ! ನೋಡಿದ್ರಾ? ಇದೇ ನಾಳೆ ಬರೋದು. ಇದಕ್ಕೆ ನಮ್ಮ ಹತ್ರ ಏನೂ ಇರಲಿಲ್ಲ." ಅವಳ ಕಡೆ ತಿರುಗಿ, ಎಲ್ಲರ ಎದುರಿಗೆ, ಎರಡೂ ಕೈ ಜೋಡಿಸಿದ. "ಕ್ಷಮಿಸಿ ಅಮ್ಮ. ಹುಲಿ ಯಾವತ್ತಿದ್ರೂ ಹುಲಿ." ಅವಳು ಮಗುಚಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಬೆಳಿಗ್ಗೆ ಫುಟ್‌ಪಾತಿನ ಮೇಲೆ ನಿಂತು ತಂಗಿಯ ಕೈಗೆ ಕೊಟ್ಟ ಕಲ್ಲನ್ನು ಇವರ ಕಾಲಬುಡದಲ್ಲಿ ತಂದಿಟ್ಟು, ಎಡವಬೇಡಿ ಎಂದು ತೋರಿಸಿಕೊಟ್ಟಿದ್ದಳು.

ಉತ್ತರ ಹೆಣೆಯುವುದು ಇವರಿಗೆ ದೊಡ್ಡ ಮಾತಲ್ಲ. ಪ್ರಶ್ನೆಯನ್ನು ತಳ್ಳಬಾರದು, ತಬ್ಬಿಕೊಳ್ಳಬೇಕು, ಅದು ಸ್ಥಾಪಕನ ಮಾತು. ನಿರ್ದೇಶಕ ಬಿಳಿಯ ಹಲಗೆಯ ಮೇಲೆ ಬರೆದ: ಅಮ್ಮ, ಇದೇ ಪ್ರಶ್ನೆಯನ್ನು ನಾನೂ ದಿನವೂ ನನಗೆ ಕೇಳಿಕೊಳ್ಳುತ್ತಿದ್ದೇನೆ. ಆದರೆ ತನಿಖೆ ನಡೆಯುತ್ತಿದೆ. ಉತ್ತರ ಸಿಗುವವರೆಗೂ ನನಗೂ ನೆಮ್ಮದಿಯಿಲ್ಲ. ಎಲ್ಲರೂ ಹಲಗೆ ನೋಡುತ್ತ ಕೂತರು. ಏನೋ ಸರಿಯಿಲ್ಲ, ಕುಂಟುತ್ತಿದೆ ಎಂದು ನಿರ್ದೇಶಕ ಗೊಣಗಿದ. "'ಆದರೆ' ತೆಗೀರಿ" ಎಂದಿತು ಒಂದು ದನಿ. "ತನಿಖೆ ಅನ್ನೋದನ್ನೂ ತೆಗೀರಿ. 'ನನಗೂ ನೆಮ್ಮದಿಯಿಲ್ಲ' ಅನ್ನೋ ಮೊದಲು ಒಂದು ಸಲ ಇವರು ಕನ್ನಡಕ ತೆಗೀಲಿ." ಅದು ತನ್ನದೇ ದನಿ. ಯಾರೂ ಅವಳನ್ನು ಕೇಳಿರಲಿಲ್ಲ, ಯಾರೂ ಬಲವಂತ ಮಾಡಿರಲಿಲ್ಲ. ಓರೆಯಾಗಿ ತೂಗುಹಾಕಿದ ಪಟ ಕಂಡರೆ ಕೈ ತಾನಾಗಿ ಹೋಗಿ ಸರಿಮಾಡುವ ಹಾಗೆ ಅವಳ ನಾಲಿಗೆ ಹೋಗಿ ಸರಿಮಾಡಿಬಿಟ್ಟಿತ್ತು. ಆಮೇಲೆ ತಾಲೀಮು. ಅವಳು ಎದ್ದು ಕೇಳುವುದು, ಅವನು ಹೇಳುವುದು, ಕನ್ನಡಕ, ನಿಲುಗಡೆ, ಗಂಟಲಲ್ಲಿ ಸಣ್ಣ ತಡೆ, ಅವಳು ಕೂರುವುದು. ಮತ್ತೆ. ಗಂಟಲ ತಡೆ ಬೇಗ ಬಂತು, ಮತ್ತೆ. ಈಗ ತಡವಾಯಿತು, ಮತ್ತೆ. ತಂಗಿಯ ಪ್ರಶ್ನೆ ಅವಳ ಬಾಯಲ್ಲೇ ಸವೆದು ಸವೆದು ಕೊನೆಗೆ ಬರೀ ಸದ್ದಾಯಿತು. ಮುಗಿದ ಮೇಲೆ ಅಧ್ಯಕ್ಷ ತಾನೇ ಒಂದು ಲೋಟ ನೀರು ಹಿಡಿದುಕೊಂಡು ಬಂದ. "ನಿಮಗೆ ಆಯಾಸ ಆಯ್ತು. ನೀವು ಕೇಳಿದ ರೀತಿ... ನಮ್ಮಮ್ಮ ಕೇಳಿದ ಹಾಗಿತ್ತು." ಕಣ್ಣಲ್ಲಿ ನಿಜವಾದ ನೀರಿತ್ತು. ಅವಳು ಲೋಟ ತೆಗೆದುಕೊಂಡಳು, ಥ್ಯಾಂಕ್ಸ್ ಎಂದಳು, ಕುಡಿದಳು. ಈ ಮನುಷ್ಯ ರಾಕ್ಷಸನಾಗಿದ್ದಿದ್ದರೆ ಎಷ್ಟು ಸುಲಭವಾಗಿತ್ತು! ನೀರು ತಂದುಕೊಡುವಷ್ಟು ಒಳ್ಳೆಯವನು, ನಾನೇ ಎಂದು ಬಾಯಿಬಿಡುವಷ್ಟು ಒಳ್ಳೆಯವನು. ಆ ಒಂದು ಮಾತನ್ನು ಹೇಳಬೇಕಾದವರ ಎದುರಿಗೆ ಹೇಳುವಷ್ಟು ಮಾತ್ರ ಅಲ್ಲ. ಅವನಿಗೆ ಅದನ್ನು ನುಂಗಲು ಕಲಿಸಲು ಇಷ್ಟು ಜನ, ಇಷ್ಟು ದೊಡ್ಡ ಕಟ್ಟಡ, ಸಮುದ್ರದಾಚೆಯಿಂದ ಬಂದ ಇಷ್ಟು ವರ್ಷಗಳ ಬುದ್ಧಿ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿಕೊಂಡರೆ ಎಲ್ಲರ ಮೇಲೂ, ಗೋಡೆಯ ಮೇಲಿನ ಟೋಪಿಯವನ ಮೇಲೂ, ಆ ಬಟ್ಟೆ ಒಗೆಯುವವಳ ಮೇಲೂ.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಒಬ್ಬ ಹೆಂಗಸು ಅವಳಿಗೆ ಬಿಟ್ಟುಕೊಟ್ಟಳು, ಮುಖ ನೋಡಿ ಕಾಯಿಲೆಯವಳು ಅಂದುಕೊಂಡಿರಬೇಕು. ಅವಳು ತಂಗಿಗೆ ಫೋನು ಮಾಡಿದಳು. ಆ ಕಡೆ ನಗು ನಡೆದಿತ್ತು. "ಅಕ್ಕ, ಇವರ ಮುಂದೆ ಹತ್ತು ಸಲ ಕೇಳಿ ಕೇಳಿ ಬಾಯಿಪಾಠ ಮಾಡ್ದೆ. ನಾನು ಕೇಳಿದಾಗಲೆಲ್ಲ ಇವರು ಹೆದರಿದ ಹಾಗೆ ಮಾಡಿ 'ನಾನಲ್ಲಮ್ಮ, ನಾನಲ್ಲ' ಅಂತಾರೆ."

"ಕೇಳಿಲ್ಲಿ, ಆ ಪ್ರಶ್ನೆ ಬೇಡ. ಬೇರೆ ಏನಾದ್ರೂ ಕೇಳು."

"ಯಾಕೇ? ಕಲ್ಲಿನಂಥಾ ಪ್ರಶ್ನೆ, ನೀನೇ ಕೊಟ್ಟಿದ್ದಲ್ಲ."

"ಅದಕ್ಕೆ ಅವರು ತಯಾರಾಗಿರ್ತಾರೆ."

"ತಯಾರಾಗಿದ್ರೆ ಒಳ್ಳೇದೇ ಆಯ್ತಲ್ಲ? ಹೆಸರು ತಯಾರು ಇಟ್ಕೊಂಡೇ ಬರ್ತಾರೆ." ತಂಗಿಗೆ ಅದು ತಮಾಷೆಯಲ್ಲ, ನೇರವಾಗಿ ಹಾಗೇ ಅನ್ನಿಸಿತ್ತು. "ನಿಂದೇನು, ದನಿ ಹೀಗಿದೆ? ಊಟ ಮಾಡಿದ್ಯಾ? ಎಲ್ಲರ ಕಷ್ಟಾನೂ ತಲೆ ಮೇಲೆ ಹೊತ್ಕೋಬೇಡ ನೀನು." ತಯಾರು ಮಾಡಿದವಳು ನಾನೇ ಕಣೇ ಎಂಬ ಮಾತು ಗಂಟಲ ತನಕ ಬಂತು. ಬಸ್ಸು ತಿರುವಿನಲ್ಲಿ ವಾಲಿತು, ಸೀಟು ಬಿಟ್ಟುಕೊಟ್ಟ ಹೆಂಗಸು ಬೀಳದಂತೆ ಅವಳ ಭುಜ ಹಿಡಿದುಕೊಂಡಳು, ಮಾತು ಹಿಂದಕ್ಕೆ ಹೋಯಿತು. "ಮಾಡಿದೆ" ಎಂದಳು. ಮಾಡಿರಲಿಲ್ಲ.

ಮರುದಿನ ಸಭೆಗೆ ಅವಳು ಹೋಗಲೇಬೇಕಿತ್ತು. ಅದೂ ಕೆಲಸದ ಭಾಗ. ಸಭಾಂಗಣದಲ್ಲಿ ಗೋಡೆಯ ಪಕ್ಕ ನಿಂತಿದ್ದು, ಯಾರಾದರೂ ತಲೆಸುತ್ತಿ ಬಿದ್ದರೆ ನೀರು ಕೊಡುವುದು, ಯಾರಾದರೂ ಹೆಚ್ಚು ಹೊತ್ತು ಅತ್ತರೆ ಬೆನ್ನು ಸವರಿ ಕೂರಿಸುವುದು. ಕಾಯಿಲೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಂಡರೆ ಅದನ್ನು ನೋಡದೆ ಉಳಿಯುವ ಸುಖ ತನಗೆ ಸಿಗುತ್ತದೆ ಎಂಬ ಕಾರಣಕ್ಕೇ ಹೋದಳು. ಹಿಂದಿನ ಕಂಬದ ಮರೆಯಲ್ಲಿ, ತಂಗಿಯ ಕಣ್ಣಿಗೆ ಬೀಳದಂತೆ ನಿಂತಳು. ಎತ್ತರದ ಕಿಟಕಿಗಳಿಂದ ಬಿಸಿಲು ಧೂಳಿನ ಕಂಬಗಳಾಗಿ ಇಳಿಯುತ್ತಿತ್ತು. ಕುರ್ಚಿಗಳ ತುಂಬ ಕೆಮ್ಮು. ಒಬ್ಬರಿಗೆ ಶುರುವಾದರೆ ಸಾಲಿನುದ್ದಕ್ಕೂ ಹಬ್ಬುತ್ತಿತ್ತು; ಗಿಳಿ ಮುಂದಿನ ಸಾಲಿನ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದ. ತಂಗಿ ನಡುವಿನ ಸಾಲಿನಲ್ಲಿ, ಗಟ್ಟಿಯಾಗಿ ಬಾಚಿದ ತಲೆ, ಇಸ್ತ್ರಿಯ ಬಟ್ಟೆ. ಸರದಿ ಬಂದಾಗ ಎದ್ದು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಹೇಳಿಕೊಟ್ಟ ಹಾಗೆಯೇ, ಅಳದೆ, ಬಯ್ಯದೆ ಕೇಳಿದಳು.

ಅಧ್ಯಕ್ಷ ಒಂದು ಹೆಜ್ಜೆ ಮುಂದೆ ಬಂದ. "ಅಮ್ಮ, ಇದೇ ಪ್ರಶ್ನೆಯನ್ನು ನಾನೂ ದಿನವೂ ನನಗೆ ಕೇಳಿಕೊಳ್ಳುತ್ತಿದ್ದೇನೆ." ಕನ್ನಡಕ ತೆಗೆದ. ನಿಲುಗಡೆ. "ಉತ್ತರ ಸಿಗುವವರೆಗೂ ನನಗೂ," ಗಂಟಲಲ್ಲಿ ತಡೆ, ಸರಿಯಾದ ಜಾಗದಲ್ಲಿ, "ನೆಮ್ಮದಿಯಿಲ್ಲ." ಸಭೆಯಲ್ಲಿ ಏನೋ ಕರಗಿದ್ದು ಕಂಬದ ಹಿಂದೆ ನಿಂತವಳ ಚರ್ಮಕ್ಕೇ ತಿಳಿಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು, ಅವನಿಗಾಗಿ! ಮಗನನ್ನು ಕಳೆದುಕೊಂಡವಳು ಅವನ ನೆಮ್ಮದಿಗಾಗಿ ಕಣ್ಣೊರೆಸಿಕೊಂಡಳು. ಆ ಕ್ಷಣ ಕಂಬದ ಹಿಂದಿದ್ದವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕು ಅನ್ನಿಸಿತು.

ತಂಗಿ ಕೂರಲಿಲ್ಲ.

ಹಟವೇನೂ ಇರಲಿಲ್ಲ ಅವಳ ನಿಲುವಿನಲ್ಲಿ. ಅಂಗಡಿಯಲ್ಲಿ ಸಾಮಾನು ಕೇಳಿ, ಒಳಗಿನಿಂದ ತರಲಿ ಎಂದು ನಿಂತವರ ಹಾಗೆ ನಿಂತಿದ್ದಳು. ಅಧ್ಯಕ್ಷನೂ ಅವಳನ್ನೇ ನೋಡುತ್ತ ನಿಂತ. ಮೈಕು ತೆಗೆದುಕೊಳ್ಳಲು ಬಂದವನಿಗೆ ತಂಗಿ, "ಇರಪ್ಪ, ಇನ್ನೂ ಹೇಳಿಲ್ಲ ಅವರು" ಎಂದಳು. ಅದು ಮೈಕಿನಲ್ಲೇ ಕೇಳಿಸಿತು. ಅಧ್ಯಕ್ಷ ಒಮ್ಮೆ ಪಕ್ಕಕ್ಕೆ ನೋಡಿದ, ವಕೀಲನ ಕಡೆ ನೋಡಿದ, ಮತ್ತೆ ಕನ್ನಡಕ ಹಾಕಿಕೊಂಡ. "ಅಮ್ಮ, ಇದೇ ಪ್ರಶ್ನೆಯನ್ನು ನಾನೂ ದಿನವೂ ನನಗೆ ಕೇಳಿಕೊಳ್ಳುತ್ತಿದ್ದೇನೆ." ಹಾಕಿಕೊಂಡ ಕನ್ನಡಕವನ್ನು ತೆಗೆದ. ಅದೇ ನಿಲುಗಡೆ. ಅದೇ ಜಾಗದಲ್ಲಿ ಅದೇ ತಡೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ. ಕಣ್ಣೊರೆಸಿಕೊಂಡ ಮುದುಕಿ ಕೈ ಕೆಳಗಿಳಿಸಿ ತಲೆ ಎತ್ತಿದಳು. ಹಿಂದಿನಿಂದ ಒಬ್ಬ, "ಟೇಪ್ ರೆಕಾರ್ಡರ್ರು" ಎಂದ. ಯಾರೂ ನಗಲಿಲ್ಲ. ನಿರ್ದೇಶಕ ಸಭಾಂಗಣದ ಆ ತುದಿಯಿಂದ ಕಂಬದ ಹಿಂದಿದ್ದವಳನ್ನು ಹುಡುಕಿ, ಕಣ್ಣಿನಲ್ಲೇ ಸನ್ನೆ ಮಾಡಿದ: ಹೋಗಿ, ಕೂರಿಸಿ.

ಅವಳು ಕಂಬದ ಮರೆಯಿಂದ ಹೊರಬಂದಳು. ಸಾಲಿನವರು ಮೊಣಕಾಲು ಸರಿಸಿ ದಾರಿ ಬಿಟ್ಟರು. ಯಾರೋ ಒಬ್ಬರು ಎಡವದಂತೆ ಮೊಣಕೈ ಹಿಡಿದುಕೊಂಡರು. ಕೈ ಅಭ್ಯಾಸಬಲದಿಂದ ತಂಗಿಯ ಬೆನ್ನಿನ ಮೇಲೆ ಹೋಗಿ ಕೂತಿತು. ತಂಗಿ ತಿರುಗಿ, "ಅಯ್ಯೋ, ಅಕ್ಕ! ಬಂದ್ಯಾ?" ಎಂದಳು, ಮುಖವೆಲ್ಲ ಅರಳಿಸಿಕೊಂಡು. ತನಗೆ ಆಸರೆಯಾಗಲು ರಜೆ ಹಾಕಿ ಬಂದಿದ್ದಾಳೆ ಅಂದುಕೊಂಡಳು. ಆ ಅರಳಿದ ಮುಖವನ್ನು ಕೂತ್ಕೋ ಎಂದು ಒತ್ತಲು ಅವಳ ಕೈಗೆ ಆಗಲಿಲ್ಲ. ವೇದಿಕೆಯ ಮೇಲಿಂದ ಅಧ್ಯಕ್ಷ ಅವಳನ್ನು ಗುರುತಿಸಿದ. ಅವನ ಮುಖದಲ್ಲಿ ಮೊದಲು ಬಂದದ್ದು ನಿರಾಳ: ಬಂದಳಪ್ಪ, ಇನ್ನು ಇವಳನ್ನು ಕೂರಿಸುತ್ತಾಳೆ. ಅವನು ಕಾದ. ಅವಳು ತಂಗಿಯ ಕೈಯಲ್ಲಿದ್ದ ಮೈಕಿನ ಕಡೆ ಬಗ್ಗಿದಳು.

"ನಿನ್ನೆ ನೀವು ಒಂದು ಮಾತು ಹೇಳಿದ್ರಿ ಸಾರ್. 'ನಾನೇ' ಅಂದ್ರಿ. ಕನ್ನಡಕ ತೆಗೀದೇನೇ ಅಂದ್ರಿ. ಅದನ್ನ ಇವಳಿಗೆ ಹೇಳಿ."

ವಕೀಲ ಏಳುವಾಗ ಅವನ ಕುರ್ಚಿ ಕಿರುಗುಟ್ಟಿತು. ನಿರ್ದೇಶಕ ಸಾಲುಗಳ ನಡುವೆ ನುಗ್ಗಿ ಬರಲು ನೋಡಿದ, ಅವನಿಗೆ ಮಾತ್ರ ಯಾರೂ ಮೊಣಕಾಲು ಸರಿಸಲಿಲ್ಲ. ಕೆಲಸ ಹೋಯಿತು ಎಂದು ಅವಳಿಗೆ ಹೊಳೆದದ್ದು ಎಲ್ಲೋ ದೂರದಲ್ಲಿ ಯಾರದೋ ಬಾಗಿಲು ಮುಚ್ಚಿದ ಸದ್ದಿನ ಹಾಗೆ. ಅದಲ್ಲ ಅವಳನ್ನು ಹಿಡಿದು ನಿಲ್ಲಿಸಿದ್ದು. ಅಂಗೈಯ ಕೆಳಗೆ ತಂಗಿಯ ಬೆನ್ನು ನಿಧಾನವಾಗಿ ಗಡುಸಾಗುತ್ತಿತ್ತು.

"ನಿನ್ನೆ?" ಎಂದಳು ತಂಗಿ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು. "ನಿನ್ನೆ ನೀನೆಲ್ಲಿದ್ದೆ ಅಕ್ಕ?"

ಉತ್ತರಗಳು ಸಾಲುಗಟ್ಟಿ ಬಂದವು, ಇಷ್ಟು ವರ್ಷ ಊರಿಗೆಲ್ಲ ಹೊಲಿದುಕೊಟ್ಟ ಉತ್ತರಗಳು. ಒಂದೊಂದೂ ಮೈಗೆ ಒಪ್ಪುವಂಥದ್ದು. ಪ್ರಶ್ನೆಯನ್ನು ತಬ್ಬಿಕೊಳ್ಳುವ ಆ ಮೊದಲ ಮಾತು ತುಟಿಯ ತನಕ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿದಳು.

"ಇವರ ಜೊತೆ" ಎಂದಳು. "ನೀನು ಕೇಳೋದಕ್ಕೆ ಉತ್ತರ ಕಲಿಸ್ತಾ ಇದ್ದೆ."

ತಂಗಿ ಅವಳ ಮುಖವನ್ನು ನೋಡಿದಳು. ಬೆನ್ನ ಮೇಲಿದ್ದ ಕೈಯನ್ನು ತಂಗಿ ತೆಗೆದು ಕೆಳಗಿಟ್ಟಳು, ಎಸೆಯಲಿಲ್ಲ, ಇಟ್ಟಳು. ಆಮೇಲೆ ಮೈಕನ್ನು ತನ್ನ ಕಡೆಗೆ ಎಳೆದುಕೊಂಡು ವೇದಿಕೆಯತ್ತ ತಿರುಗಿದಳು.

"ಇವಳನ್ನ ನಾನು ಮನೇಲಿ ವಿಚಾರಿಸ್ಕೋತೀನಿ. ನೀವು ಹೇಳಿ ಸಾರ್, ಯಾರು?"